ಮುರಿದ ಕೊಕ್ಕೆಯೊಂದರ ವೃತ್ತಾಂತ: ಹುಬ್ಬಳ್ಳಿಯ ದುರಸ್ತಿ ವಿದ್ಯೆ ಮತ್ತು ಮಲೆನಾಡು

(ಧಾರವಾಡದಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಐಷಾರಾಮಿ ಕಾರಿನ ಮಾತೇಕೆ ಎಂದು ಸಭೆಯಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಸೊಪ್ಪಿನ ಬೆಟ್ಟ, ಅಣೆಕಟ್ಟು, ಗಣಿಗಾರಿಕೆ, ಜೇನು, ನಾಟಿ ಬೀಜ ಇವು ಇಂಥ ಸಭೆಗಳ ವಾಡಿಕೆಯ ವಿಷಯಗಳು. ಇಂದಿನ ವಿಷಯವಾದರೋ ಕಿರುಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಕೊಕ್ಕೆ. ಕಾರಿನಲ್ಲಿ ಚಾಲಕನ ಪಕ್ಕದ ಆಸನದ ಮುಂದೆ, ಮೊಣಕಾಲಿನ ಎದುರಿಗೆ ಇರುವ ಪೆಟ್ಟಿಗೆಯನ್ನು ಎಲ್ಲರೂ ಗ್ಲೋವ್ ಬಾಕ್ಸ್ ಎಂದೇ ಕರೆಯುತ್ತಾರೆ. ಕೈಗವಸು ಇಡಲೆಂದು ಶೀತದೇಶಗಳಲ್ಲಿ ಹುಟ್ಟಿದ ಆ ಹೆಸರು ಉಳಿದುಬಂದಿದೆ. ಘಟ್ಟದ ಮೇಲಿನ ಕಾರುಗಳಲ್ಲಿ ಅದರೊಳಗೆ ಇರುವುದು ಆರ್‌ಸಿ ಪುಸ್ತಕ, ವಿಮೆಯ ಕಾಗದ, ಪಹಣಿಯ ಪ್ರತಿ, ಸೊಸೈಟಿಯ ರಸೀದಿ, ಎಲೆ ಅಡಿಕೆಯ ಸಂಚಿ. ಆ ಪೆಟ್ಟಿಗೆಯ ಮುಚ್ಚಳವನ್ನು ಹಿಡಿದಿಡುವ ಕೊಕ್ಕೆ ಮುರಿದರೆ ಏನಾಗುತ್ತದೆ, ಅದನ್ನು ಸರಿಪಡಿಸಬಲ್ಲವರು ಯಾರು, ಸರಿಪಡಿಸದೆ ಬಿಸಾಡಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಈ ಉಪನ್ಯಾಸದ ವ್ಯಾಪ್ತಿ. ಐಷಾರಾಮಿ ಕಾರನ್ನು ಸಮರ್ಥಿಸುವ ಉದ್ದೇಶ ಇಲ್ಲಿಲ್ಲ. ಭಾರದ ಕಾರು ಹೆಚ್ಚು ಇಂಧನ ಕುಡಿಯುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಮ್ಮೆ ತಯಾರಾಗಿ ಊರಿಗೆ ಬಂದಿಳಿದ ವಸ್ತುವಿನ ಪಾಲನೆ ಬೇರೆಯದೇ ಪ್ರಶ್ನೆ.

ಯಲ್ಲಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು, ಅಡಿಕೆಗೆ ಒಳ್ಳೆಯ ಧಾರಣೆ ಬಂದಿದ್ದ ಒಂದು ವರ್ಷ, ಹುಬ್ಬಳ್ಳಿಯಲ್ಲಿ ಹಳೆಯ ಕಾರೊಂದನ್ನು ಕೊಂಡರು. ಯುರೋಪಿನ ಹೆಸರಾಂತ ಮಾದರಿ. ಹೊಸದಿದ್ದಾಗ ದೊಡ್ಡ ಉದ್ಯಮಿಗಳ ಮನೆಯಂಗಳದಲ್ಲಿ ನಿಲ್ಲುತ್ತಿದ್ದಂಥದು. ಇಂಥ ಕಾರುಗಳ ಬೆಲೆ ಬಲುಬೇಗ ಕುಸಿಯುತ್ತದೆ. ಹತ್ತು ವರ್ಷ ಕಳೆದರೆ ಹೊಸ ಸಣ್ಣ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ದೊರೆಯುತ್ತವೆ. ಕೊಳ್ಳುವವರ ಲೆಕ್ಕಕ್ಕೆ ಸುಲಭವಾಗಿ ಬಾರದ ಸಂಗತಿಯೆಂದರೆ, ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹಳೆಯ ಕಾರಿನ ಒಡೆಯ ಹೊಸ ಕಾರಿನ ಬೆಲೆಯಲ್ಲೇ ಬಿಡಿಭಾಗ ಕೊಳ್ಳಬೇಕಾಗುತ್ತದೆ.

ಕಾರು ಊರಿಗೆ ಬಂದ ಎರಡನೆಯ ತಿಂಗಳಲ್ಲಿ, ಕಿರವತ್ತಿ ದಾಟಿದ ಮೇಲಿನ ಒಂದು ತಿರುವಿನಲ್ಲಿ, ಗ್ಲೋವ್ ಬಾಕ್ಸಿನ ಮುಚ್ಚಳ ಕಳಚಿ ಬೆಳೆಗಾರರ ತಾಯಿಯ ಮೊಣಕಾಲಿನ ಮೇಲೆ ಬಿದ್ದಿತು. ಗಾಯವೇನೂ ಆಗಲಿಲ್ಲ. ಮುಚ್ಚಿದರೆ ಅರ್ಧ ನಿಲ್ಲುವುದು, ಹೊಂಡ ಬಂದರೆ ಮತ್ತೆ ತೆರೆಯುವುದು. ಹುಬ್ಬಳ್ಳಿಯ ಒಂದು ದೊಡ್ಡ ಸರ್ವಿಸ್ ಕೇಂದ್ರದಲ್ಲಿ ಅಂದಾಜು ಪಟ್ಟಿ ಕೇಳಿದಾಗ ಐದಂಕಿಯ ಮೊತ್ತ ಬಂದಿತು. ಕೊಕ್ಕೆ ಬಿಡಿಯಾಗಿ ಸಿಗದು, ಹಿಡಿಕೆಯೂ ಸಿಗದು. ಪೆಟ್ಟಿಗೆ, ಮುಚ್ಚಳ, ಬೀಗ, ದೀಪ ಎಲ್ಲ ಸೇರಿದ ಇಡೀ ಜೋಡಣೆಯನ್ನೇ ತರಿಸಬೇಕು, ಹಡಗಿನಲ್ಲಿ ಬರಲು ವಾರಗಳು ಹಿಡಿಯುತ್ತವೆ ಎಂಬ ಉತ್ತರ ದೊರೆಯಿತು. ಮೂರು ಗ್ರಾಂ ತೂಕದ ಕೊಕ್ಕೆಗಾಗಿ ಮೂರು ಕಿಲೋ ಪ್ಲಾಸ್ಟಿಕ್ ಬಿಸಾಡುವ ಸಲಹೆ ಅದು.

ಬೆಳೆಗಾರರ ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿನಿ. ಮುರಿದ ಕೊಕ್ಕೆಯ ಎರಡು ಚೂರುಗಳನ್ನು ಜೋಡಿಸಿ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ಹೊಸದೊಂದನ್ನು ಮುದ್ರಿಸಿ ತಂದಳು. ಕೂರಿಸಿದಾಗ ಟಕ್ಕೆಂದು ಹಿಡಿಯಿತು, ಮನೆಯವರೆಲ್ಲ ಹಿಗ್ಗಿದರು. ಆದರೆ ಅದು ಏಪ್ರಿಲ್ ತಿಂಗಳು. ಹುಬ್ಬಳ್ಳಿಯ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವೇನಲ್ಲ. ಪ್ರಿಂಟರಿನಲ್ಲಿ ಬಳಸಿದ್ದು ಪಿಎಲ್‌ಎ ಎಂಬ ಪ್ಲಾಸ್ಟಿಕ್. ಸಾಮಾನ್ಯವಾಗಿ ಮೆಕ್ಕೆಜೋಳ, ಕಬ್ಬುಗಳ ಸಕ್ಕರೆಯಂಶದಿಂದ ತಯಾರಾಗುವಂಥದು, ಸುಮಾರು 60 ಡಿಗ್ರಿಗೆ ಮೆತ್ತಗಾಗುವಂಥದು. ವಾರದೊಳಗೆ ಕೊಕ್ಕೆ ಬಾಳೆಯ ಸುಳಿಯಂತೆ ಬಾಗಿತು. ಸಸ್ಯಜನ್ಯವಾದುದೆಲ್ಲ ಎಲ್ಲ ಕೆಲಸಕ್ಕೂ ಒದಗುತ್ತದೆ ಎಂದು ನಂಬುವ ಪರಿಸರಪ್ರಿಯರು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಆ ಹುಡುಗಿಯ ಆಕೃತಿ ಸರಿಯಿತ್ತು, ದ್ರವ್ಯ ತಪ್ಪಿತ್ತು.

ಬಳಿಕ ಒಂದು ನೈಲಾನ್ ದಾರದಿಂದ ಮುಚ್ಚಳವನ್ನು ಬಿಗಿದು ಕಟ್ಟಲಾಯಿತು. ನೋಡಲು ಅಂದವಿಲ್ಲದಿದ್ದರೂ ಕೆಲಸ ನಡೆಯಿತು, ಅಥವಾ ನಡೆಯುತ್ತಿದೆ ಎಂದು ಎಲ್ಲರೂ ತಿಳಿದರು.

ಜುಲೈ ತಿಂಗಳಿನ ಜಡಿಮಳೆಯಲ್ಲಿ ನಾಲ್ಕು ದಿನ ಕಾರು ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲಿ ನಿಂತಿತ್ತು. ಐದನೆಯ ರಾತ್ರಿ ಬೆಳೆಗಾರರ ತಾಯಿಗೆ ಉಸಿರಾಟದ ತೊಂದರೆ ಉಲ್ಬಣಿಸಿತು. ಕೀಲಿ ತಿರುಗಿಸಿದರೆ ಕಾರು ಕಮಕ್ ಎನ್ನಲಿಲ್ಲ. ಲಕ್ಷಗಟ್ಟಲೆ ಬೆಲೆಯ ವಾಹನ ಮನೆಯ ಮುಂದೆ ಕಲ್ಲಿನಂತೆ ನಿಂತಿರುವಾಗ, ಅರ್ಧ ಮೈಲಿ ಆಚೆಯ ಮನೆಯವರ ಹಳೆಯ ಜೀಪು ಆ ತಾಯಿಯನ್ನು ಯಲ್ಲಾಪುರದ ಆಸ್ಪತ್ರೆಗೆ ಮುಟ್ಟಿಸಿತು. ಆಕೆ ಚೇತರಿಸಿಕೊಂಡರು. ಮುಕ್ಕಾಲು ತಾಸು ತಡವಾಗಿತ್ತು. ಅದು ಇನ್ನೂ ಹೆಚ್ಚಾಗಿದ್ದರೆ ಎಂಬ ಯೋಚನೆ ಆ ಮನೆಯವರನ್ನು ಬಹುಕಾಲ ಕಾಡಿತು.

ಬ್ಯಾಟರಿ ಬರಿದಾದುದೇಕೆ? ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಗ್ಲೋವ್ ಬಾಕ್ಸಿನೊಳಗೆ ಒಂದು ಸಣ್ಣ ದೀಪವಿರುತ್ತದೆ. ಮುಚ್ಚಳ ಪೂರ್ತಿ ಮುಚ್ಚಿದಾಗ ಒಂದು ಗುಂಡಿ ಒತ್ತಲ್ಪಟ್ಟು ಅದು ಆರುತ್ತದೆ. ದಾರದಿಂದ ಬಿಗಿದ ಮುಚ್ಚಳ ಗುಂಡಿಯವರೆಗೆ ತಲುಪದೆ ಕಾಳಿನಷ್ಟು ದೂರ ಉಳಿದಿತ್ತು. 5 ವ್ಯಾಟಿನ ದೀಪ 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ದಿನದ 24 ತಾಸಿಗೆ ಅದು ಹತ್ತು ಆಂಪಿಯರ್-ತಾಸು. 70 ಆಂಪಿಯರ್-ತಾಸಿನ ಹೊಸ ಬ್ಯಾಟರಿಯಾದರೆ ಒಂದು ವಾರದಲ್ಲಿ ಪೂರ್ತಿ ಬರಿದಾಗುತ್ತದೆ. ಎಂಜಿನ್ ತಿರುಗಿಸುವ ಬಲ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ವಯಸ್ಸಾಗಿ ಅರ್ಧ ಶಕ್ತಿ ಕಳೆದುಕೊಂಡ ಬ್ಯಾಟರಿಗೆ ಮೂರು ನಾಲ್ಕು ದಿನ ಸಾಕು. ಕೆಲವು ಕಾರುಗಳಲ್ಲಿ ಇಂಥ ದೀಪವನ್ನು ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಕತ್ತರಿಸುವ ವ್ಯವಸ್ಥೆ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ.

ಇಷ್ಟಾದ ಮೇಲೆ ಕಾರು ಮತ್ತೆ ಹುಬ್ಬಳ್ಳಿಗೆ ಬಂದಿತು. ಈ ಸಲ ಒಬ್ಬ ಮಿಸ್ತ್ರಿಯ ಬಳಿಗೆ.

ಹುಬ್ಬಳ್ಳಿಯ ಮಿಸ್ತ್ರಿಗಳ ಕೈಚಳಕ ಒಂದು ದಿನದಲ್ಲಿ ಹುಟ್ಟಿದ್ದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಇಲ್ಲಿ ಆರಂಭವಾದಾಗಿನಿಂದ ಕಬ್ಬಿಣ ಕಾಯಿಸುವ, ಕೊರೆಯುವ, ಅರ ಹಾಕುವ ವಿದ್ಯೆ ಈ ಊರಿನ ಓಣಿಗಳಲ್ಲಿ ತಲೆಮಾರುಗಳಿಂದ ಇಳಿದುಬಂದಿದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೂ ಬಸ್ಸುಗಳ ಕಾರ್ಯಾಗಾರವೂ ಗೋಕುಲ ರಸ್ತೆಯಲ್ಲಿವೆ. ಕೈಗಾರಿಕಾ ವಾಲ್ವುಗಳ ತಯಾರಿಕೆಗೆ ಹುಬ್ಬಳ್ಳಿ ದೇಶದಲ್ಲೇ ಹೆಸರು ಮಾಡಿದೆ. ಅವುಗಳ ಸುತ್ತ ಸಣ್ಣ ಸಣ್ಣ ಲೇತ್ ಅಂಗಡಿಗಳು ಬೆಳೆದಿವೆ. ಧಾರವಾಡದಲ್ಲಿ ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆ ಇದೆ. ಯಲ್ಲಾಪುರ, ಮುಂಡಗೋಡ, ಹಳಿಯಾಳ, ಶಿರಸಿಯವರು ಪಂಪ್‌ಸೆಟ್ಟಿನ ಇಂಪೆಲ್ಲರ್ ಸವೆದಾಗ, ಅಡಿಕೆ ಸುಲಿಯುವ ಯಂತ್ರದ ಹಲ್ಲು ಮುರಿದಾಗ ಹುಬ್ಬಳ್ಳಿಯ ದಾರಿ ಹಿಡಿಯುವುದು ಹೊಸತಲ್ಲ. ಘಟ್ಟದ ಕೃಷಿ ನಿಂತಿರುವುದು ಬಯಲಿನ ಈ ಕೈಗಳ ಮೇಲೂ ಹೌದು. ಪರಿಸರ ಸಾಹಿತ್ಯದಲ್ಲಿ ಹೊಳೆ, ಕಾಡುಗಳ ಋಣವನ್ನು ನೆನೆದಷ್ಟು ಈ ಲೇತ್ ಅಂಗಡಿಗಳ ಋಣವನ್ನು ಯಾರೂ ನೆನೆದಿಲ್ಲ.

ಮಿಸ್ತ್ರಿ ಮೊದಲು ಕೊಕ್ಕೆಯನ್ನು ಮುಟ್ಟಲೇ ಇಲ್ಲ. ಮುಚ್ಚಳವನ್ನು ಹತ್ತಾರು ಸಲ ತೆರೆದು ಮುಚ್ಚಿ, ಕಿವಿಗೊಟ್ಟು ಕೇಳಿ, "ಕೊಕ್ಕಿ ಮುರದದ್ದು ಕಡೀಕ್ರೀ ಯಜಮಾನ್ರ. ಮೊದಲ ಕೆಟ್ಟಿದ್ದು ಬ್ಯಾರೇನೋ ಐತಿ, ಅದನ್ನ ಹುಡುಕೂಣ" ಎಂದರು.

ಇದು ಕೃಷಿಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಮಾತು. ಅಡಿಕೆಯ ಗರಿ ಹಳದಿಯಾದ ಮಾತ್ರಕ್ಕೆ ರೋಗ ಗರಿಯಲ್ಲಿದೆ ಎನ್ನಲಾಗದು. ಬಸಿಗಾಲುವೆ ಕಟ್ಟಿ ಬೇರು ಕೊಳೆತಿರಬಹುದು, ಪೋಷಕಾಂಶ ಕೊರತೆಯಾಗಿರಬಹುದು, ಬೇರುಹುಳುವಿನ ಬಾಧೆಯಿರಬಹುದು. ಗರಿಗೆ ಔಷಧ ಹೊಡೆದವನು ಮುಂದಿನ ವರ್ಷವೂ ಹೊಡೆಯುತ್ತಿರುತ್ತಾನೆ. ಇಲ್ಲಿಯೂ ಹಾಗೆಯೇ ಆಗಿತ್ತು. ಇಂಥ ಕಾರುಗಳಲ್ಲಿ ಮುಚ್ಚಳ ಧಡಕ್ಕನೆ ಬೀಳದೆ ನಿಧಾನವಾಗಿ ಇಳಿಯಲೆಂದು ಪಕ್ಕದಲ್ಲಿ ಡ್ಯಾಂಪರ್ ಎಂಬ ಪುಟ್ಟ ಸಾಧನ ಇರುತ್ತದೆ. ಅದರೊಳಗಿನ ದಪ್ಪ ಸಿಲಿಕೋನ್ ಜಿಡ್ಡಿನ ಪ್ರತಿರೋಧವೇ ಆ ಮೆತ್ತನೆಯ ಇಳಿತದ ಗುಟ್ಟು. ವರ್ಷಗಳು ಕಳೆದಂತೆ ಜಿಡ್ಡು ಸೋರಿ ಡ್ಯಾಂಪರ್ ಸತ್ತಿತ್ತು. ಆಗಿನಿಂದ ತೆರೆದಾಗಲೆಲ್ಲ ಮುಚ್ಚಳದ ಪೂರ್ಣ ಭಾರ ಕೀಲಿನ ಕಿವಿಗಳ ಮೇಲೆ ಬಡಿದು ಎಡಗಿವಿಯಲ್ಲಿ ಬಿರುಕು ಬಿಟ್ಟಿತು. ಕೀಲು ಬಾಗಿದ ಮೇಲೆ ಮುಚ್ಚಳ ಓರೆಯಾಯಿತು; ಓರೆಯಾದ ಮುಚ್ಚಳವನ್ನು ಜನ ಗುದ್ದಿ ಮುಚ್ಚಿದರು; ಕೊನೆಗೆ ಕೊಕ್ಕೆ ಮುರಿಯಿತು. ಹೊಸ ಕೊಕ್ಕೆಯನ್ನಷ್ಟೇ ಕೂರಿಸಿದ್ದರೆ, ಅದು ಕಂಪನಿಯದೇ ಆಗಿದ್ದರೂ, ಆರು ತಿಂಗಳಲ್ಲಿ ಮತ್ತೆ ಮುರಿಯುತ್ತಿತ್ತು.

ಬೆಳೆಗಾರರು ನಡುವೆ ಒಂದು ಸುಲಭೋಪಾಯ ಸೂಚಿಸಿದರು. ಮುಚ್ಚಳದ ಎರಡೂ ಬದಿಗೆ ಉದ್ದನೆಯ ಸ್ಕ್ರೂ ಹಾಕಿ ಶಾಶ್ವತವಾಗಿ ಮುಚ್ಚಿಬಿಟ್ಟರೆ ಆಗದೇ? ಕಾಗದಪತ್ರಗಳನ್ನು ಬೇರೆಡೆ ಇಟ್ಟರಾಯಿತು. ಮಿಸ್ತ್ರಿಯ ಧ್ವನಿ ಆಗ ಮಾತ್ರ ಗಡುಸಾಯಿತು: "ಹಂಗ ಯಾರರ ಹೇಳಿದ್ರ ಅವರ ಕಡೆ ಗಾಡಿ ಬಿಡಬ್ಯಾಡ್ರಿ. ಹಿಂದ ಏರ್‌ಬ್ಯಾಗ್ ಐತಿ. ಅದಕ್ಕ ಮೊಳಿ ಹೊಡದಂಗ ಆಕ್ಕೈತಿ."

ಈ ಎಚ್ಚರಿಕೆಯನ್ನು ವಿವರಿಸುವುದು ಅವಶ್ಯ. ಪ್ರಯಾಣಿಕರ ಏರ್‌ಬ್ಯಾಗ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನೊಳಗೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಮೊಣಕಾಲನ್ನು ಕಾಯುವ ಇನ್ನೊಂದು ಏರ್‌ಬ್ಯಾಗ್ ಗ್ಲೋವ್ ಬಾಕ್ಸಿನ ಕೆಳಗೋ ಮುಚ್ಚಳದ ಹಿಂದೆಯೋ ಇರುವುದುಂಟು. ಅದು ಬಿಚ್ಚಿಕೊಳ್ಳುವುದು ಕಣ್ಣೆವೆ ಇಕ್ಕುವುದಕ್ಕಿಂತ ವೇಗವಾಗಿ. ಅದರ ದಾರಿಯಲ್ಲಿ ಒಂದು ಸ್ಕ್ರೂ ಇದ್ದರೆ ಆ ಸ್ಕ್ರೂ ಗುಂಡಿನಂತೆ ಹಾರುತ್ತದೆ. ಆದುದರಿಂದ ಈ ಭಾಗದಲ್ಲಿ ಕೈಹಾಕುವ ಯಾರೇ ಆಗಲಿ, ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ, ಏರ್‌ಬ್ಯಾಗ್ ವ್ಯವಸ್ಥೆಯ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಇಳಿಯಲೆಂದು ಹದಿನೈದು ನಿಮಿಷವಾದರೂ ಕಾಯಬೇಕು. ಹಳದಿ ಬಣ್ಣದ ಕನೆಕ್ಟರುಗಳು ಕಂಡರೆ ಅವು ಏರ್‌ಬ್ಯಾಗಿನವು ಎಂದು ತಿಳಿದು ಮುಟ್ಟದೆ ಬಿಡಬೇಕು. ಮಿಸ್ತ್ರಿ ಬ್ಯಾಟರಿ ಕಳಚಿ, ಚಹಾ ತರಿಸಿ, ಚಹಾ ಮುಗಿದ ಮೇಲೂ ಒಂದಷ್ಟು ಹೊತ್ತು ಸುಮ್ಮನೆ ಕುಳಿತರು. ಆ ಸುಮ್ಮನೆ ಕೂರುವಿಕೆಯೂ ದುರಸ್ತಿಯ ಒಂದು ಹಂತವೇ.

ಅನಂತರ ಡ್ಯಾಶ್‌ಬೋರ್ಡಿನ ಬದಿಯ ಮುಚ್ಚುಫಲಕವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ, ನಕ್ಷತ್ರ ಮುಖದ ಸ್ಕ್ರೂಗಳನ್ನು ಬಿಚ್ಚಿ, ದೀಪದ ತಂತಿ ಕಳಚಿ, ಪೆಟ್ಟಿಗೆಯನ್ನು ಇಡಿಯಾಗಿ ಕೆಳಗಿಳಿಸಿದರು. ಅದರ ಹಿಂದೆ ಕಂಡದ್ದು ಒಂದು ಇಲಿಗೂಡು. ಅನೇಕ ಕಾರುಗಳಲ್ಲಿ ಒಳಗಿನ ಗಾಳಿಯನ್ನು ಸೋಸುವ ಫಿಲ್ಟರ್ ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಮಳೆಗಾಲದಲ್ಲಿ ಬೆಚ್ಚನೆಯ ಒಣ ಜಾಗ ಹುಡುಕುವ ಇಲಿಗೆ ಅದು ಅರಮನೆ. ಫಿಲ್ಟರಿನ ಕಾಗದ, ಅಡಿಕೆ ಸಿಪ್ಪೆಯ ನಾರು, ಭತ್ತದ ಹೊಟ್ಟು ಸೇರಿಸಿ ಗೂಡು ಕಟ್ಟಿತ್ತು. ಒಂದು ತಂತಿಯ ಹೊದಿಕೆಯನ್ನೂ ಕಡಿದಿತ್ತು. ಆ ಮನೆಯ ತಾಯಿ ಅಷ್ಟು ತಿಂಗಳು ಉಸಿರಾಡಿದ್ದು ಆ ಗೂಡಿನ ಮೂಲಕ ಬಂದ ಗಾಳಿಯನ್ನು. ಆಕೆಯ ಉಸಿರಿನ ತೊಂದರೆಗೆ ಅದೇ ಕಾರಣವೆಂದು ಹೇಳಲು ಆಧಾರವಿಲ್ಲ. ಆದರೆ ಇಲಿ ಮೂತ್ರ, ಬೂಷ್ಟು ತುಂಬಿದ ಗಾಳಿ ಉಬ್ಬಸದವರಿಗೆ ಹಿತವಲ್ಲ ಎಂಬುದರಲ್ಲಿ ಸಂಶಯವಿಲ್ಲ. ಘಟ್ಟದಲ್ಲಿ ಕಾರು ಇಟ್ಟುಕೊಂಡಿರುವವರು ಮಳೆಗಾಲದ ಮೊದಲು ಮತ್ತು ನಂತರ ಈ ಫಿಲ್ಟರನ್ನು ತೆಗೆದು ನೋಡುವುದು ಒಳ್ಳೆಯದು. ಅನೇಕ ಮಾದರಿಗಳಲ್ಲಿ ಇದಕ್ಕೆ ಹತ್ತು ನಿಮಿಷವೂ ಬೇಡ.

ಪೆಟ್ಟಿಗೆಯನ್ನು ಬೋರಲು ಹಾಕಿದಾಗ ಪ್ಲಾಸ್ಟಿಕ್ಕಿನ ಬೆನ್ನಿನ ಮೇಲೆ ಸಣ್ಣ ಅಕ್ಷರಗಳು ಕಂಡವು. ಕಾರಿನ ಬಹುಪಾಲು ಪ್ಲಾಸ್ಟಿಕ್ ಭಾಗಗಳ ಹಿಂಬದಿಯಲ್ಲಿ ಅದು ಯಾವ ಜಾತಿಯದೆಂಬ ಸಂಕೇತ ಅಚ್ಚಾಗಿರುತ್ತದೆ. ಮುಚ್ಚಳದ ಮೇಲೆ ಎಬಿಎಸ್ ಎಂದಿತ್ತು. ಪೆಟ್ಟಿಗೆಯ ಮೇಲೆ ಪಿಪಿ-ಟಿಡಿ20 ಎಂದಿತ್ತು, ಅಂದರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್. ಕಸಿ ಕಟ್ಟುವವನು ಬುಡದ ಗಿಡ ಯಾವ ಕುಲದ್ದೆಂದು ನೋಡದೆ ಕುಡಿ ಕೂರಿಸುವುದಿಲ್ಲ. ಮಾವಿನ ಬುಡಕ್ಕೆ ಹಲಸಿನ ಕುಡಿ ಹತ್ತದು. ಪ್ಲಾಸ್ಟಿಕ್ಕಿನಲ್ಲಿಯೂ ಅದೇ ನಿಯಮ. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಜಾತಿಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಮಾಡಿದ ಅಂಟು ಬಿರುಕಿನೊಳಗೆ ಇಳಿದು ಎರಡೂ ಕಡೆಯನ್ನು ಒಂದಾಗಿಸುತ್ತದೆ. ಪಾಲಿಪ್ರೊಪಿಲೀನಿಗೆ ಅಸಿಟೋನ್ ಏನೂ ಮಾಡದು, ಪೇಟೆಯ ಸಾಮಾನ್ಯ ಅಂಟುಗಳು ಅದರ ಮೇಲೆ ಕಮಲದೆಲೆಯ ಮೇಲಿನ ನೀರಿನಂತೆ ನಿಲ್ಲುತ್ತವೆ. ಅದನ್ನು ಕಾವಿನಿಂದಲೇ ಬೆಸೆಯಬೇಕು. ಮನೆಗಳಲ್ಲಿ ಮುರಿದ ಪ್ಲಾಸ್ಟಿಕ್ ಸಾಮಾನಿಗೆ ಅಂಟು ಹಚ್ಚಿ ನಿರಾಶರಾದವರು ಬಹಳ ಮಂದಿ. ದೋಷ ಕೈಯದಲ್ಲ, ಜಾತಿ ನೋಡದೆ ಹಚ್ಚಿದ್ದು.

ಮಿಸ್ತ್ರಿ ಕೀಲಿನ ಕಿವಿಯ ಬಿರುಕಿನ ತುದಿಯಲ್ಲಿ ಸೂಜಿಯ ಗಾತ್ರದ ರಂಧ್ರ ಕೊರೆದರು. ಬಿರುಕು ಮುಂದೆ ಓಡುವುದು ಅದರ ಮೊನಚಾದ ತುದಿಯಲ್ಲಿ ಬಲವೆಲ್ಲ ಒಟ್ಟಾಗುವುದರಿಂದ. ತುದಿ ದುಂಡಗಾದರೆ ಓಟ ನಿಲ್ಲುತ್ತದೆ. ಬಿರುಕನ್ನು ವಿ ಆಕಾರಕ್ಕೆ ಕೆರೆದು, ಎಬಿಎಸ್ ಅಂಟು ತುಂಬಿ, ಹಿಂಬದಿಗೆ ತುಕ್ಕು ಹಿಡಿಯದ ಉಕ್ಕಿನ ತೆಳುಜಾಲರಿಯನ್ನು ಕಾವಿನಿಂದ ಒಳಗೆ ಇಳಿಸಿದರು. ಪೆಟ್ಟಿಗೆಯ ಅಂಚಿನ ಸೀಳಿಗೆ ಹಳೆಯ ಬ್ಯಾಟರಿಯೊಂದರ ತೊಳೆದ ಹೊರಕವಚದ ಪಟ್ಟಿಯನ್ನು ಬೆಸುಗೆ ಕಡ್ಡಿಯಾಗಿ ಬಳಸಿದರು. ಆ ಕವಚಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನವು. ಇಂಥ ಕೆಲಸವನ್ನು ಬಾಗಿಲು ತೆರೆದಿಟ್ಟು, ಬೆಂಕಿಯಿಂದ ದೂರವೇ ಮಾಡಬೇಕು. ಅಸಿಟೋನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರವ.

ಅಂಟು ಗಟ್ಟಿಯಾಗಲು ಒಂದು ದಿನ ಬೇಕು. ಆ ಬಿಡುವಿನಲ್ಲಿ, ಕೊಕ್ಕೆಯೊಂದು ಬಿಡಿಯಾಗಿ ಏಕೆ ದೊರೆಯಲಿಲ್ಲ ಎಂಬ ಪ್ರಶ್ನೆಗೆ ಹಿಂದಿರುಗಬಹುದು.

ಈ ಪ್ರಶ್ನೆ ಭಾರತದಲ್ಲಿ ಕಾನೂನಿನ ಮೆಟ್ಟಿಲೇರಿದೆ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಕೊಟ್ಟು, ಹೊರಗಿನ ಗ್ಯಾರೇಜುಗಳಿಗೆ ನಿರಾಕರಿಸುತ್ತಿವೆ ಎಂಬುದು ದೂರಿನ ಸಾರ. 2014ರ ಆಗಸ್ಟ್ 25ರಂದು ಆಯೋಗವು 14 ಕಾರು ತಯಾರಕರ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ದೊರೆಯುವಂತೆ ಮಾಡಬೇಕೆಂದೂ ನಿರ್ದೇಶಿಸಿತು. ಮೇಲ್ಮನವಿಗಳು ನಡೆದವು, ವರ್ಷಗಳು ಉರುಳಿದವು. ಆದರೆ ಬಿಡಿಭಾಗವನ್ನು ಎಷ್ಟು ಸಣ್ಣ ತುಂಡಾಗಿ ಮಾರಬೇಕು ಎಂಬ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ. ಇಡೀ ಜೋಡಣೆಯನ್ನು ಮಾರಾಟಕ್ಕಿಟ್ಟರೂ ಬಿಡಿಭಾಗ ಮಾರಿದಂತೆಯೇ. ಕೊಕ್ಕೆ ಮಾತ್ರ ಸಿಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಜನರು ಮತ ಹಾಕಿ ಕಾರು ದುರಸ್ತಿಯ ಹಕ್ಕಿನ ಕಾನೂನು ತಂದರು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು: ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ಯಂತ್ರಗಳು, ವಾಹನ. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಲಾಯಿತು. ಪಟ್ಟಿಯಲ್ಲಿ ಕೃಷಿ ಉಪಕರಣವೂ ಇರುವುದನ್ನು ಗ್ರಾಮಸ್ಥರು ಗಮನಿಸಬೇಕು. ಕಳೆ ಕೊಚ್ಚುವ ಯಂತ್ರದ ಕಾರ್ಬುರೇಟರಿನ ಒಂದು ರಬ್ಬರ್ ಪೊರೆ ಹರಿದರೆ ಇಡೀ ಕಾರ್ಬುರೇಟರನ್ನೇ ಬದಲಿಸಿ ಎನ್ನುವುದು ಇದೇ ರೋಗದ ಇನ್ನೊಂದು ಗರಿ.

ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ಒಂದು ಕಾರಿನಲ್ಲಿ ನೂರು ಕಿಲೋಗ್ರಾಮಿಗೂ ಮಿಕ್ಕಿ ಪ್ಲಾಸ್ಟಿಕ್ ಇರುತ್ತದೆ. ಉಕ್ಕು, ತಾಮ್ರ, ಅಲ್ಯೂಮಿನಿಯಂಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಅವು ಮರಳಿ ಕುಲುಮೆ ಸೇರುತ್ತವೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಾಗಲ್ಲ. ಒಂದೇ ಭಾಗದಲ್ಲಿ ಎಬಿಎಸ್, ಪಾಲಿಪ್ರೊಪಿಲೀನ್, ಸ್ಪಂಜು, ಬಟ್ಟೆ, ಬಣ್ಣದ ಲೇಪ ಎಲ್ಲವೂ ಅಂಟಿಕೊಂಡಿರುವುದರಿಂದ ಬೇರ್ಪಡಿಸುವ ಕೂಲಿಯೇ ಗಿಟ್ಟದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಆಯುಷ್ಯ ಮುಗಿದ ವಾಹನಗಳ ನಿಯಮಗಳು ತಯಾರಕರ ಹೊಣೆಯನ್ನು ಉಕ್ಕಿನ ತೂಕದ ಲೆಕ್ಕದಲ್ಲಿ ನಿಗದಿಪಡಿಸಿವೆ. ಇದು ಒಳ್ಳೆಯ ಆರಂಭವೇ ಸರಿ. ಆದರೆ ಉಕ್ಕು ಹೇಗಿದ್ದರೂ ಗುಜರಿಯವರು ಬಿಡುತ್ತಿರಲಿಲ್ಲ. ಯಾರೂ ಮುಟ್ಟದ ಪ್ಲಾಸ್ಟಿಕ್ಕಿಗೆ ಅಂಥ ಗುರಿ ಅವಶ್ಯವಾಗಿತ್ತು. ಘಟ್ಟದ ತಿರುವುಗಳಲ್ಲಿ ಕೆಳಗೆ ಇಣುಕಿದವರಿಗೆ ಒಡೆದ ಬಂಪರು, ಸೀಟಿನ ಸ್ಪಂಜು ಕಾಣದಿರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಅವುಗಳಿಗೆ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳುವವರೂ ಇದ್ದಾರೆ. ಆ ಹೊಗೆಯ ವಿಷ ಕಟ್ಟಿಗೆಯ ಹೊಗೆಯ ಹಾಗಲ್ಲ.

ಮಲೆನಾಡಿಗೇ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಐಷಾರಾಮಿ ಕಾರುಗಳ ಹಿಡಿಕೆ, ಗುಂಡಿಗಳಿಗೆ ಮುಟ್ಟಿದರೆ ಮೆತ್ತಗೆ ಅನ್ನಿಸುವ ಲೇಪ ಕೊಟ್ಟಿರುತ್ತಾರೆ. ಅದರಲ್ಲಿ ಬಹುಪಾಲು ಪಾಲಿಯುರೆಥೇನ್ ಜಾತಿಯದು. ಗಾಳಿಯ ತೇವ ಅದರ ಅಣುಬಂಧಗಳನ್ನು ವರ್ಷಾನುವರ್ಷ ಕತ್ತರಿಸುತ್ತದೆ. ಲೇಪ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ. ನಾಲ್ಕು ತಿಂಗಳು ಬಟ್ಟೆ ಒಣಗದ ಯಲ್ಲಾಪುರದಲ್ಲಿ ಇದು ಬೇಗ ಆಗುವುದು ಸಹಜ. ಅಂಟಾದ ಹಿಡಿಕೆಯನ್ನು ಕಂಡು ಭಾಗವೇ ಕೆಟ್ಟಿತೆಂದು ಬದಲಿಸುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿದರೆ ಲೇಪ ಹೋಗಿ ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಉಳಿಯುತ್ತದೆ. ಮೆತ್ತನೆಯ ಸುಖ ಹೋಗುತ್ತದೆ, ಅಷ್ಟೇ. ಮಿಸ್ತ್ರಿಯ ಬಳಿ ಕೆಲಸ ಕಲಿಯುವ ಹುಡುಗ ಸಂಜೆಯವರೆಗೆ ಕುಳಿತು ಮಾಡಿದ್ದು ಅದನ್ನೇ.

ಮರುದಿನ ಕೊಕ್ಕೆಯ ಸರದಿ. ಬೆಳೆಗಾರರಿಗೆ ಪ್ಲಾಸ್ಟಿಕ್ಕಿನ ಮೇಲೆ ನಂಬಿಕೆಯೇ ಹೋಗಿತ್ತು. "ಉಕ್ಕಿನದನ್ನೇ ಮಾಡಿಕೊಡಿ, ಜನ್ಮಕ್ಕೆ ಸಾಕಾಗಲಿ" ಎಂದರು. ಮಿಸ್ತ್ರಿ ಒಪ್ಪಲಿಲ್ಲ. "ಉಕ್ಕಿನದ್ ಮಾಡಿದ್ರ ಕೊಕ್ಕಿ ಉಳೀತೈತ್ರಿ, ಡ್ಯಾಶ್‌ಬೋರ್ಡ್ ಹೋಗತೈತಿ. ಮುರಿಯೂದಾದ್ರ ಅಗ್ಗದ್ದ ಮುರೀಲಿ." ಉಕ್ಕಿನ ಕೊಕ್ಕೆ ಎದುರಿನ ಪ್ಲಾಸ್ಟಿಕ್ ಹಲ್ಲನ್ನು ದಿನದಿನಕ್ಕೂ ತಿನ್ನುತ್ತದೆ, ಅಪಘಾತವಾದರೆ ಮೊಣಕಾಲಿನ ಎದುರು ಕತ್ತಿಯಾಗುತ್ತದೆ. ಮಿಸ್ತ್ರಿ ಆರಿಸಿದ್ದು ಲೇತ್ ಅಂಗಡಿಯಲ್ಲಿ ಉಳಿದಿದ್ದ ನೈಲಾನ್ ಕಂಬಿಯ ಒಂದು ತುಂಡು. ಅದು ಕರಗಲು 200 ಡಿಗ್ರಿಗೂ ಮಿಕ್ಕಿ ಕಾವು ಬೇಕು. ಬಿಸಿಲು ಅದನ್ನು ಬಾಗಿಸದು.

ವಿದ್ಯಾರ್ಥಿನಿ ತನ್ನ ಕಂಪ್ಯೂಟರ್ ಚಿತ್ರದ ಅಳತೆಗಳನ್ನು ಕಾಗದದಲ್ಲಿ ಬರೆದು ತಂದಿದ್ದಳು. ಆ ಅಳತೆ ಉಪಯೋಗಕ್ಕೆ ಬಂದಿತು. ಆದರೆ ಮಿಸ್ತ್ರಿ ಅರದಿಂದ ಉಜ್ಜುತ್ತ ಅವಳ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಗಿಯೇ ಮಾಡಿದರು. ಕಾರಣ ಕೇಳಿದಾಗ, ನೈಲಾನ್ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಘಟ್ಟದ ಗಾಡಿಗೆ ಸ್ವಲ್ಪ ಸಡಿಲವೇ ಇರಬೇಕು ಎಂಬ ಉತ್ತರ ಬಂದಿತು. ಮರದ ಬಾಗಿಲು ಆಷಾಢದಲ್ಲಿ ಬಿಗಿಯುವುದನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ನೈಲಾನ್ ತೇವ ಹೀರಿ ಹಿಗ್ಗುತ್ತದೆಂಬುದು ಪಠ್ಯಪುಸ್ತಕದಲ್ಲಿಯೂ ಇದೆ. ಅವಳು ಅದನ್ನು ಓದಿಯೂ ಇದ್ದಳು. ಯಲ್ಲಾಪುರದ ಕಾರಿಗೂ ಹುಬ್ಬಳ್ಳಿಯ ಕಾರಿಗೂ ಕೊಕ್ಕೆಯ ಅಳತೆ ಬೇರೆಯಾಗಬೇಕು ಎಂದು ಮಾತ್ರ ಅಲ್ಲಿ ಬರೆದಿರಲಿಲ್ಲ.

ಡ್ಯಾಂಪರ್ ಗುಜರಿಯಿಂದ ಬಂದಿತು. ಯಾವುದೋ ಸಾಮಾನ್ಯ ಕಾರಿನದು, ಅಳತೆಗೆ ಹೊಂದುವಂಥದು. ಇಲಿ ಕಡಿದ ತಂತಿಗೆ ಬೆಸುಗೆ ಹಾಕಿ ಹೊದಿಕೆ ಸುತ್ತಿದರು. ಹೊಸ ಫಿಲ್ಟರ್ ಕೂರಿಸಿ, ಹೊರಗಿನ ಗಾಳಿ ಬರುವ ದಾರಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಬಿಗಿದರು. 5 ವ್ಯಾಟಿನ ದೀಪ ತೆಗೆದು ಅದೇ ಅಳತೆಯ ಎಲ್‌ಇಡಿ ಹಾಕಿದರು. ಅಕಸ್ಮಾತ್ ಉರಿಯುತ್ತ ಉಳಿದರೂ ಬ್ಯಾಟರಿ ಒಂದೇ ವಾರದಲ್ಲಿ ಸಾಯದಿರಲಿ ಎಂದು. ಎರಡು ದಿನದ ಕೂಲಿ, ಸಾಮಾನು ಎಲ್ಲ ಸೇರಿ ಮೊದಲಿನ ಅಂದಾಜು ಪಟ್ಟಿಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಈ ಕೂಲಿ ಕಡಿಮೆಯೇ ಆಯಿತು ಎಂದು ಹೇಳದಿರಲಾಗದು. ಅಂಥ ರೋಗನಿರ್ಣಯಕ್ಕೆ ವೈದ್ಯರಾದರೆ ಇನ್ನೂ ಹೆಚ್ಚು ಕೇಳುತ್ತಾರೆ. ಮಿಸ್ತ್ರಿಯ ಬಳಿ ಕಲಿಯಲು ಬರುವ ಹುಡುಗರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವುದಕ್ಕೆ ಈ ಕೂಲಿಯೂ ಒಂದು ಕಾರಣ.

ಹಳೆಯ ಕೊಕ್ಕೆಯ ಚೂರುಗಳನ್ನು ಮಿಸ್ತ್ರಿ ಎಸೆಯಲಿಲ್ಲ. ರಟ್ಟಿನ ಮೇಲೆ ಅದರ ಬಾಹ್ಯರೇಖೆ ಎಳೆದು, ಕಾರಿನ ಮಾದರಿ, ಇಸವಿ ಬರೆದು, ಗ್ಯಾರೇಜಿನ ಗೋಡೆಯ ಮೊಳೆಗೆ ಸಿಕ್ಕಿಸಿದರು. ಆ ಮೊಳೆಯಲ್ಲಿ ಅಂಥ ರಟ್ಟುಗಳು ಆಗಲೇ ಹತ್ತಾರು ಇದ್ದವು; ಕೆಲವಕ್ಕೆ ಗ್ರೀಸಿನ ಕಲೆ ಹತ್ತಿ ಬರಹ ಮಸುಕಾಗಿತ್ತು. ವಿದ್ಯಾರ್ಥಿನಿ ಒಪ್ಪಿಗೆ ಪಡೆದು ಎಲ್ಲದರ ಚಿತ್ರ ತೆಗೆದುಕೊಂಡಳು. ಮುಂದಿನ ರಜೆಯಲ್ಲಿ ಅವನ್ನೆಲ್ಲ ಅಳತೆ ಸಮೇತ ಒಂದು ನೋಟುಪುಸ್ತಕಕ್ಕೆ ಇಳಿಸುವ ಕೆಲಸ ಹಚ್ಚಿಕೊಂಡಿದ್ದಾಳೆ.

ಕಾರು ಹೊರಡುವ ಮೊದಲು ದೀಪ ನಿಜವಾಗಿ ಆರುತ್ತದೆಯೇ ಎಂದು ನೋಡಬೇಕಿತ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಇಣುಕುವುದು ಹೇಗೆ? ಹುಡುಗಿ ತನ್ನ ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ಅದನ್ನು ಒಳಗಿಟ್ಟಳು. ಅಜ್ಜಿ ಎರಡೂ ಅಂಗೈಯಿಂದ ಮುಚ್ಚಳವನ್ನು ಒತ್ತಿ ಮುಚ್ಚಿ, ಒಂದು ನಿಮಿಷ ಎಣಿಸಿ ತೆರೆದರು. ಎಲ್ಲರೂ ಬಗ್ಗಿ ಪರದೆ ನೋಡಿದರು. ಮುಚ್ಚಳ ಇಳಿಯುವುದು, ಅಜ್ಜಿಯ ಬಳೆ, ಆಮೇಲೆ ಕತ್ತಲೆ. ಮಿಸ್ತ್ರಿ ವಿಡಿಯೋ ಮುಗಿಯುವವರೆಗೂ ನೋಡಿ, ಕೈ ಒರೆಸಿಕೊಂಡು, ಸಾಲಿನಲ್ಲಿ ಮುಂದೆ ನಿಂತಿದ್ದ ಟೆಂಪೋದ ಬಾನೆಟ್ ಎತ್ತಿದರು.